ತುಂಬಿದ ಪೆಟ್ಟಿಗೆ

ಅಡುಗೆಮನೆಯ ಒರಳುಕಲ್ಲನ್ನೂ ಬಿಡದೆ ಅಣ್ಣತಮ್ಮ ಹಂಚಿಕೊಂಡಾಗಿತ್ತು. ಕೊನೆಗೆ ಉಳಿದದ್ದು ಎರಡು ಜೇನುಪೆಟ್ಟಿಗೆ. ಪಾಲು ಮಾಡುವವನು ಅಣ್ಣ, ಮೊದಲು ಆರಿಸಿಕೊಳ್ಳುವವನು ತಮ್ಮ ಎಂಬುದು ಊರಿನ ರೂಢಿ.

ತಮ್ಮ ಎರಡರ ಮುಚ್ಚಳವನ್ನೂ ಎತ್ತಿ ನೋಡಿದ. ಒಂದರಲ್ಲಿ ಮರಿಗಳು ಅಲ್ಲೊಂದು ಇಲ್ಲೊಂದು ಇದ್ದವು. ಇನ್ನೊಂದರಲ್ಲಿ ಮೇಣದ ಎರಿಯ ತುಂಬ ಮರಿ.

"ತುಂಬಿದ್ದು ನಂದು. ಹೊಟ್ಟೆ ಉರಿಯುತ್ತಾ?"

"ತಗೊಂಡು ಹೋಗು," ಎಂದ ಅಣ್ಣ. "ಇನ್ನು ಈ ಅಂಗಳಕ್ಕೆ ಕಾಲಿಡಬೇಡ."

ತಮ್ಮ ಪೆಟ್ಟಿಗೆ ಹೊತ್ತು ಹೋದ. ಜಗಲಿಯ ಮೇಲೆ ಕೂತಿದ್ದ ತಾಯಿ ಕಣ್ಣೊರೆಸಿಕೊಂಡಳು. "ಏನೇ ಜಗಳ ಇರಲಿ, ಒಳ್ಳೇದನ್ನೇ ಅವನಿಗೆ ಬಿಟ್ಟುಕೊಟ್ಟೆಯಲ್ಲ, ಅಷ್ಟು ಸಾಕು ಮಗ."

ಅಣ್ಣ ನಕ್ಕ. "ಒಳ್ಳೇದಾ? ಅದರಲ್ಲಿ ರಾಣಿನೇ ಇಲ್ಲ. ಪಾಲಿನ ಮಾತು ಎದ್ದಾಗಲೇ ಹೊಸಕಿ ಹಾಕಿದೆ. ಹೊಸ ರಾಣಿಗೆ ಅಂತ ಕಟ್ಟಿದ ಕೋಶಾನೂ ಕಿತ್ತೆ. ಈಗ ಕೆಲಸದ ಹುಳಗಳೇ ಮೊಟ್ಟೆ ಇಡ್ತಾವೆ. ಗಂಡಿನ ಜೊತೆ ಕೂಡದೆ ಇಟ್ಟ ಮೊಟ್ಟೆ ಅದು, ಹುಟ್ಟೋದೆಲ್ಲ ಬರೀ ಗಂಡು."

"ಗಂಡಾದ್ರೆ ಏನಾಯ್ತು?"

"ಗಂಡು ಹುಳ ಜೇನು ತರಲ್ಲ, ಮರಿ ಸಾಕಲ್ಲ. ಕೂತು ತಿಂದೇ ಖಾಲಿ ಮಾಡ್ತವೆ. ಬರೀ ಗಂಡು ಹುಟ್ಟಿದ ಗೂಡು ಉಳಿಯಲ್ಲಮ್ಮ."

ತಾಯಿ ಅವನ ಮುಖವನ್ನೇ ನೋಡಿದಳು.

"ಹೌದಪ್ಪ. ನಾನು ಹೆತ್ತಿದ್ದೂ ಬರೀ ಗಂಡೇ."