ಪಕ್ಕದ ಮನೆಯ ಫ್ರಿಜ್

ಹೊಸ ಫ್ರಿಜ್ ಬಂದ ಮೇಲಿನ ಮೊದಲ ಶುಕ್ರವಾರ, ಉಮಾದೇವಿ ತನ್ನ ಮನೆಯಲ್ಲೇ ಬೆರಳು ಚುಚ್ಚಿಕೊಳ್ಳಲು ಕುಳಿತಳು. ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ವಾರಕ್ಕೊಮ್ಮೆ ಈ ಪರೀಕ್ಷೆ. ಅಂಗೈಯಗಲದ ಮಿಷನ್ನಿಗೆ ಒಂದು ಸ್ಟ್ರಿಪ್ ಸಿಕ್ಕಿಸಿ ತೊಟ್ಟು ರಕ್ತ ಮುಟ್ಟಿಸಿದರೆ ಅಂಕಿ ಬರುತ್ತದೆ. ಅಂಕಿ ಇಳಿದರೆ ಕವಾಟಕ್ಕೆ ಹೆಪ್ಪು ಕಟ್ಟುವ ಭಯ. ಏರಿದರೆ ಎಲ್ಲೆಂದರಲ್ಲಿ ರಕ್ತ ಸುರಿಯುವ ಭಯ.

ಹಿಂದೂಪುರ ಬಿಟ್ಟು ಕಲ್ಯಾಣದುರ್ಗದ ಹಾಸ್ಟೆಲ್ಲಿಗೆ ಅಡುಗೆ ಕೆಲಸಕ್ಕೆ ಬಂದ ಬೇಸಿಗೆಯಲ್ಲಿ, ಶೀಟಿನ ಮನೆಯ ಕಾವಿಗೆ ಡಬ್ಬಿಯಲ್ಲಿದ್ದ ಸ್ಟ್ರಿಪ್ಪುಗಳೆಲ್ಲ ಕೆಟ್ಟಿದ್ದವು. ಆಗ ಪಕ್ಕದ ಮನೆಯ ಸರಸ್ವತಮ್ಮ, "ನಮ್ ಫ್ರಿಜ್ಜಾಗೆ ಮಡಗಮ್ಮ, ಅದೇನ್ ಜಾಗ ತಿಂತದಾ" ಎಂದಿದ್ದಳು. ಅಲ್ಲಿಂದಾಚೆ ಪರೀಕ್ಷೆಯೂ ಅವಳ ಮನೆಯಲ್ಲೇ. ತಣ್ಣಗಿನ ಡಬ್ಬಿಯನ್ನು ತೆಗೆದ ಕೂಡಲೇ ಬಿಚ್ಚಬಾರದು, ತಣುವು ಬಿಡುವವರೆಗೆ ಕಾಯಬೇಕು. ಕಾಯುತ್ತಾ ಇಬ್ಬರೂ ಕಡಲೆಕಾಯಿ ಸುಲಿಯುತ್ತಿದ್ದರು. ಸರಸ್ವತಮ್ಮನ ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಸೇರುತ್ತಿರಲಿಲ್ಲ. ಡಬ್ಬಿಯ ತಣುವು ಬಿಟ್ಟು ಎಷ್ಟು ಹೊತ್ತಾದರೂ ಮಾತು ಮುಗಿಯುತ್ತಿರಲಿಲ್ಲ.

ಹೋದ ಭಾನುವಾರ ತಮ್ಮ ಲಕ್ಷ್ಮೀಕಾಂತ್ ಹಿಂದೂಪುರದಿಂದ ಟೆಂಪೋದಲ್ಲಿ ಫ್ರಿಜ್ ತಂದಿಳಿಸಿದ. "ಇನ್ಮೇಲೆ ಇನ್ನೊಬ್ರ ಮನೆ ಬಾಗ್ಲು ತಟ್ಟೋದ್ ಬ್ಯಾಡಕ್ಕ" ಎಂದ. ಡಬ್ಬಿ ವಾಪಸು ತರಲು ಹೋದಾಗ ಸರಸ್ವತಮ್ಮ ಅದನ್ನು ಸೆರಗಿನಿಂದ ಒರೆಸಿ ಕೊಟ್ಟು, "ಒಳ್ಳೇದೇ ಆಯ್ತು ಬಿಡು" ಎಂದಿದ್ದಳು.

ಈಗ ಮಾತಿಗೆ ಯಾರೂ ಇರಲಿಲ್ಲ. ಉಮಾದೇವಿ ಡಬ್ಬಿ ತೆಗೆದವಳೇ ಮುಚ್ಚಳ ಬಿಚ್ಚಿದಳು. ತೊಳೆದ ಕೈ ಇನ್ನೂ ತೇವವಾಗಿತ್ತು. ಚುಚ್ಚಿದ ಬೆರಳಲ್ಲಿ ರಕ್ತ ಸಾಸಿವೆಯಷ್ಟು ಬಂತು. ಅದನ್ನು ಮುಟ್ಟಿಸಿ, ಸಾಲದೆಂದು ಬೆರಳು ಹಿಂಡಿ ಇನ್ನೊಂದು ತೊಟ್ಟು ಸೇರಿಸಿದಳು. ಮಿಷನ್ ಕೂಗಿ ಎರರ್ ತೋರಿಸಿತು. ಸ್ಟ್ರಿಪ್ ಹಾಳು. ಮೇಲೊಂದು ತೊಟ್ಟು ಸೇರಿಸಬಾರದೆಂದು ಡಾಕ್ಟರು ಹೇಳಿದ್ದು ಆಮೇಲೆ ನೆನಪಾಯಿತು. ಯಾರಾದರೂ ಪಕ್ಕದಲ್ಲಿದ್ದು ಗದರಿದ್ದರೆ ಚೆನ್ನಾಗಿರುತ್ತಿತ್ತು.

ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಮುಂದಿಟ್ಟುಕೊಂಡು ಕಾದಳು. ಫ್ರಿಜ್ಜಿನ ಸದ್ದು ನಿಂತಾಗ ಎದೆಯೊಳಗಿನ ಕವಾಟದ ಟಕ್ ಟಕ್ ಕೇಳಿಸಿತು. ಬೆಚ್ಚನೆಯ ನೀರಲ್ಲಿ ಕೈ ತೊಳೆದು, ಹಸಿ ಉಳಿಯದಂತೆ ಒರೆಸಿ, ತೋಳನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟಳು. ಬೇರೆ ಬೆರಳು ಚುಚ್ಚಿದಳು. ಈ ಸಲ ಮೊದಲ ತೊಟ್ಟೇ ದುಂಡಗೆ ಮೂಡಿತು. ತಡಮಾಡದೆ ಸ್ಟ್ರಿಪ್ಪಿಗೆ ಮುಟ್ಟಿಸಿದಳು.

"ಎರಡು ಪಾಯಿಂಟ್ ಏಳು" ಎಂದಳು ಗಟ್ಟಿಯಾಗಿ. ಡಾಕ್ಟರು ಹೇಳಿದ ಮಿತಿಯೊಳಗೇ ಇತ್ತು. ತಮ್ಮನಿಗೆ ಫೋನ್ ಮಾಡಿ ಹೇಳಿದಳು. "ಸರಿ ಅಕ್ಕ, ಅಂಗ್ಡೀಲಿ ಗಿರಾಕಿ ಅವ್ರೆ, ಆಮೇಲ್ ಮಾಡ್ತೀನಿ" ಎಂದು ಅವನು ಇಟ್ಟುಬಿಟ್ಟ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಸರಸ್ವತಮ್ಮ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಳು.

"ಎಷ್ಟು ಬಂತಮ್ಮ?"

"ಎರಡು ಪಾಯಿಂಟ್ ಏಳು ಅಕ್ಕ. ಮೊದಲ್ನೇ ಸ್ಟ್ರಿಪ್ಪು ಕೆಡಿಸ್ಬುಟ್ಟೆ."

"ಕಾಯದೇನೆ ಬಿಚ್ಚಿರ್ತೀಯ." ಸರಸ್ವತಮ್ಮ ಹೊಸ್ತಿಲ ಆಚೆಯೇ ನಿಂತು ಒಳಗೆ ನೋಡಿದಳು. "ನಮ್ ಫ್ರಿಜ್ಜು ಕೆಟ್ಟೋಗೈತೆ ಕಣಮ್ಮ. ಬೆಳಗ್ಗಿಂದ ಏನೂ ತಣ್ಣಗಾಯ್ತಿಲ್ಲ. ಈ ಹಾಲು ನಿನ್ ಫ್ರಿಜ್ಜಾಗೆ ಮಡಗ್ಲಾ? ದಿನಾ ಬಂದು ತಗೊಂಡ್ ಹೋಯ್ತೀನಿ."

"ಅದುಕ್ಕೇನಕ್ಕ, ಒಳಗ್ ಬಾ."

ಉಮಾದೇವಿ ಕೈ ಚಾಚಿ ಪ್ಯಾಕೆಟ್ ತೆಗೆದುಕೊಂಡಳು. ಒಳಗೆ ಹಾಲು ಕಲ್ಲಿನಂತೆ ಮಂಜುಗಡ್ಡೆಯಾಗಿತ್ತು.