ಹಳದಿ ಕೊರಳಿನ ಹಕ್ಕಿ

ಲಂಟಾನದ ಎಲೆ ಉಜ್ಜಿದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿದ್ದರಬೆಟ್ಟವನ್ನು ಮತ್ತೆ ಹತ್ತಿ ಇಳಿದ ಹಾಗಾಗುತ್ತದೆ.

ಅಜ್ಜಿ ಅಲ್ಲಿ ಆಡು ಮೇಯಿಸುತ್ತಿದ್ದಳು. ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಕೊರಳಿಗೆ ದುರ್ಬೀನು ಹಾಕಿಕೊಂಡ ಮೇಷ್ಟ್ರೊಬ್ಬರು ಬಂದರು. ಹಳದಿ ಕೊರಳಿನ ಪಿಕಳಾರವನ್ನು ಹುಡುಕಿ ಮೂರು ದಿನ ಅಲೆದು ಅವರ ಮುಖ ಬಾಡಿಹೋಗಿತ್ತು. ಬಂಡೆ ಸಂದಿಯ ಪೊದೆ ಬಿಟ್ಟು ಸುಲಭವಾಗಿ ಹೊರಬರುವ ಹಕ್ಕಿಯಲ್ಲ ಅದು.

"ವಸಿ ಸುಮ್ಕಿರಿ ಸಾಮಿ," ಎಂದು ಅಜ್ಜಿ ಕೂತಲ್ಲೇ ಕತ್ತು ವಾಲಿಸಿ ಆಲಿಸಿದಳು. "ಅಗೋ, ಆ ಲಂಟಾನದೊಳ್ಗೆ ಐತೆ. ಊರೊಳಗಿನ ಪಿಕಳಾರ ಇಂಗೆ ಕೂಗಲ್ಲ."

ಹಕ್ಕಿ ಅಲ್ಲೇ ಇತ್ತು. ಮೇಷ್ಟ್ರು ಕಣ್ತುಂಬ ನೋಡಿ, ದುರ್ಬೀನನ್ನು ಅಜ್ಜಿಯ ಕೈಗಿಟ್ಟು ಪುಸ್ತಕ ತೆಗೆದರು. ಅಷ್ಟರಲ್ಲಿ ಹಕ್ಕಿ ಸದ್ದಿಲ್ಲದೆ ಬಂಡೆಯಾಚೆ ಹಾರಿಹೋಯಿತು. ಅಜ್ಜಿ ಮಾತ್ರ ಬರೀ ಪೊದೆಯನ್ನು ನೋಡುತ್ತಲೇ ಇದ್ದಳು.

"ಕಾಣ್ತಾ ಅಜ್ಜಿ?" ಮೇಷ್ಟ್ರು ಬರೆಯುತ್ತಲೇ ಕೇಳಿದರು.

"ಕಾಣ್ದೆ ಏನು! ಗಂಟ್ಲಿಗೆ ಅರಿಶಿನ ಬಳ್ದಂಗೈತೆ."

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಮೊಣಕೈ ಒತ್ತಿ ಹಿಡಿದಳು.

ಮೇಷ್ಟ್ರು ಹೋದ ಮೇಲೆ ಮೆಲ್ಲಗೆ ಹೇಳಿದಳು: "ನನ್ ಕಣ್ಣಿನ ಇಸ್ಯ ನಿಮ್ಮಪ್ಪಂಗೆ ಹೇಳ್ಬ್ಯಾಡ ಕಣಮ್ಮ. ಆಡು ಮಾರ್ಬುಟ್ಟು ನನ್ನ ಮೂಲೇಲಿ ಕೂರಿಸ್ತಾನೆ."

ಸಂಜೆ ಇಳಿಯುವಾಗ ನಾನು ಮುಂದೆ ನಡೆದೆ. ಎಡವುವಂಥ ಕಲ್ಲು ಬಂದಾಗಲೆಲ್ಲ ಕೆಮ್ಮಿದೆ. ಕೆಮ್ಮಿದಾಗಲೆಲ್ಲ ಹಿಂದೆ ಅಜ್ಜಿಯ ಹೆಜ್ಜೆ ನಿಧಾನವಾಗುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಕೆಮ್ಮಿ ಕೆಮ್ಮಿ ನನಗೆ ದನಿಯೇ ಹೊರಡುತ್ತಿರಲಿಲ್ಲ.

"ಯಾಕಮ್ಮ, ಗಂಟ್ಲು ಕಟ್ಟೈತೆ?" ಅಪ್ಪ ನನ್ನನ್ನು ಕೇಳಿದ.

"ಧೂಳು ಕಣಪ್ಪ," ಅಂದಳು ಅಜ್ಜಿ.