ಶುರು ಮಾಡಿಕೊಟ್ಟವಳು

ಮೆಮೊರಿ ಸಾಲದು ಎಂದು ಪರದೆ ಮೂರನೇ ಸಲ ಹೇಳಿದಾಗ ವಸಂತನಿಗೆ ಏಸಿಯಲ್ಲೂ ಬೆವರು ಕಿತ್ತುಕೊಂಡು ಬಂತು.

ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಅವನ ಆಫೀಸಿನ ಅರ್ಧ ಜನ ನೆರೆದಿದ್ದರು. ಇಪ್ಪತ್ತು ನಿಮಿಷದಲ್ಲಿ ಹಳೇ ಕಂಪ್ಯೂಟರಿನಲ್ಲಿ ಹಳೇ ಗೇಮ್ ಶುರು ಮಾಡಿ ತೋರಿಸಬೇಕು, ಅದೇ ಸ್ಪರ್ಧೆ. ಚಿಕ್ಕಂದಿನಲ್ಲಿ ಅಪ್ಪನ ಫ್ಯಾಕ್ಟರಿಯ ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿದ್ದಾಗ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ ಎಂದು ಅವನು ವರ್ಷಗಟ್ಟಲೆ ಕೊಚ್ಚಿಕೊಂಡಿದ್ದ. ಜೊತೆಗೆ ಒಬ್ಬರು ಇರಬಹುದು ಎಂದಿದ್ದರಿಂದ ಅಕ್ಕ ಆಶಾರಾಣಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದ.

“ಇನ್ನು ಆರು ನಿಮಿಷ ಸಾರ್,” ಎಂದಳು ಸ್ಪರ್ಧೆ ನಡೆಸುತ್ತಿದ್ದ ರಕ್ಷಿತಾ, ಮೈಕಿನಲ್ಲಿ.

“ಅಕ್ಕ, ಏನ್ ಮಾಡ್ಲಿ?” ವಸಂತ ಪಿಸುಗುಟ್ಟಿದ.

“ಮೌಸ್ ಸಾಲು ತೆಗಿ. ಸೌಂಡ್ ಸಾಲನ್ನ ಮೇಲಿನ ಮೆಮೊರಿಗೆ ಹಾಕು.”

“ಅದು ಯಾವ ಫೈಲಲ್ಲಿರತ್ತೆ?”

ಆಶಾರಾಣಿಗೆ ಮೈಯೆಲ್ಲ ಉರಿಯಿತು. ಅಪ್ಪ ಫ್ಯಾಕ್ಟರಿಯಿಂದ ತಂದ ಹಳೇ ಕಂಪ್ಯೂಟರಿನ ಮುಂದೆ ಕೂತು, ಅದು ಆನ್ ಆಗುವಾಗ ಓದಿಕೊಳ್ಳುವ ಫೈಲಿನ ಒಂದೊಂದೇ ಸಾಲು ಅಳಿಸಿ, ಬರೆದು, ಮತ್ತೆ ಆನ್ ಮಾಡಿ, ಆಟಕ್ಕೆಂದು ಮೆಮೊರಿಯಲ್ಲಿ ನಾಲ್ಕು ಕೆಬಿ ಜಾಗ ಉಳಿದರೆ ಕುಣಿದಾಡುತ್ತಿದ್ದವಳು ಅವಳು. ಆ ಸಂಜೆಗಳ ಸುಖ ಆಮೇಲೆ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ. ಆಟದ ಬಣ್ಣ ಮೂಡಿತೋ ಇಲ್ಲವೋ, ಅಮ್ಮ ಕರೀತಿದ್ದಾಳೆ ಎಂದು ಇವನು ಕುರ್ಚಿ ಹಿಡಿಯುತ್ತಿದ್ದ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತ ಆಶಾರಾಣಿಗೆ ಆಟದ ಗುಂಡಿನ ಸದ್ದಷ್ಟೇ ಕೇಳುತ್ತಿತ್ತು.

ಎದ್ದು ಹೋಗಿಬಿಡೋಣ ಎನಿಸಿತು. ಹೋದರೆ ಇಷ್ಟು ಜನರೆದುರು ತಮ್ಮನ ಮಾನ ಉಳಿಯುವುದಿಲ್ಲ. ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಬೆರಳುಗಳು ಒಂದನ್ನೂ ಮರೆತಿರಲಿಲ್ಲ.

“ಹ್ಞಾಂ, ನಾನು ಹೇಳಿದ ಹಾಗೇ ಹಾಕು,” ಎಂದ ವಸಂತ, ಎಲ್ಲರಿಗೂ ಕೇಳುವಂತೆ.

ಅವಳ ಕೈ ಅರೆಗಳಿಗೆ ನಿಂತಿತು. ಅವನ ಮುಖ ನೋಡಿದಳು. ಅವನು ಗಡಿಯಾರ ನೋಡುತ್ತಿದ್ದ. ಉಳಿದ ಸಾಲನ್ನು ಬರೆದು ಕಂಪ್ಯೂಟರನ್ನು ಮತ್ತೆ ಆನ್ ಮಾಡಿದಳು. ಅದು ಗರಗರ ಎಂದಿತು, ಪರದೆ ಕಪ್ಪಾಯಿತು. ರಕ್ಷಿತಾ ಕೊನೆಯ ನಿಮಿಷ ಎಂದಳು.

ಪರದೆಯ ತುಂಬ ಬಣ್ಣ ಬಂತು, ಹಿಂದೆಯೇ ಸಂಗೀತ. ಜನ ಚಪ್ಪಾಳೆ ತಟ್ಟಿದರು. ವಸಂತ ಅತ್ತಿತ್ತ ಕೈಬೀಸಿ, ಅಕ್ಕನ ಕುರ್ಚಿಯ ಹಿಂಬದಿ ಹಿಡಿದ.

“ಏಳಕ್ಕ, ಇನ್ನು ನಾನು ಆಡ್ತೀನಿ.”

ಆಶಾರಾಣಿ ಏಳಲಿಲ್ಲ. ರಕ್ಷಿತಾ ಮೈಕನ್ನು ಅವರಿಬ್ಬರ ನಡುವೆ ಹಿಡಿದಿದ್ದಳು.

“ಇರು ಕಣೋ. ನಾನು ಒಂದ್ಸಲಾನೂ ಆಡಿಲ್ಲ. ಹಾರೋದಕ್ಕೆ ಯಾವ ಕೀ ಒತ್ತಬೇಕು, ಹೇಳು.”